ಆಸ್ಪತ್ರೆ ಕಡತ, ಸಾವಿನ ದಾಖಲೆ ಮತ್ತು ಸರ್ಕಾರ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ ಬೇಗ ಸಾಯುತ್ತಾರೆ. ಇದು ವೈದ್ಯರಿಗೆ ಬಹಳ ಕಾಲದಿಂದ ಗೊತ್ತು. ಯಾಕೆ ಅಂತ ಕೇಳಿದರೆ ಹೆಚ್ಚಿನವರ ಬಾಯಿಗೆ ಮೊದಲು ಬರುವ ಉತ್ತರ ಆತ್ಮಹತ್ಯೆ. ನೀವೂ ಅದನ್ನೇ ಅಂದುಕೊಂಡಿರಬಹುದು.

ಪಶ್ಚಿಮ ಆಸ್ಟ್ರೇಲಿಯಾದ ಕೆಲವು ಸಂಶೋಧಕರು ಇದನ್ನು ಲೆಕ್ಕ ಹಾಕಿ ನೋಡಿದರು. ಡೇವಿಡ್ ಲಾರೆನ್ಸ್, ಡಾರ್ಸಿ ಹೋಲ್ಮನ್, ಅಸೆನ್ ಯಾಬ್ಲೆನ್ಸ್ಕಿ ಮತ್ತು ಅವರ ಜೊತೆಯವರು. 1980ರಿಂದ 1998ರವರೆಗೆ ಆ ರಾಜ್ಯದಲ್ಲಿ ಮಾನಸಿಕ ಚಿಕಿತ್ಸೆ ಪಡೆದ ಸುಮಾರು 2,10,000 ಜನರ ದಾಖಲೆಗಳನ್ನು ತೆಗೆದುಕೊಂಡರು. ಅವನ್ನು ಆಸ್ಪತ್ರೆಗಳ ದಾಖಲೆ ಮತ್ತು ಮರಣ ನೋಂದಣಿಯ ಜೊತೆ ಜೋಡಿಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರ ಊಹೆಯನ್ನು ತಲೆಕೆಳಗು ಮಾಡಿತು. ಈ ಜನರಲ್ಲಿ ಆಗುತ್ತಿದ್ದ ಹೆಚ್ಚುವರಿ ಸಾವುಗಳಿಗೆ ಮುಖ್ಯ ಕಾರಣ ಆತ್ಮಹತ್ಯೆ ಅಲ್ಲ, ಹೃದಯದ ರಕ್ತನಾಳದ ಕಾಯಿಲೆ. ಆ ಹತ್ತೊಂಬತ್ತು ವರ್ಷಗಳಲ್ಲಿ ಉಳಿದ ಜನರಲ್ಲಿ ಹೃದಯ ಕಾಯಿಲೆಯ ಸಾವು ಕಡಿಮೆಯಾಗುತ್ತಾ ಬಂದಿತ್ತು. ಇವರಲ್ಲಿ ಕಡಿಮೆ ಆಗಲಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಕಹಿ. ಹೃದಯ ಕಾಯಿಲೆಗೆ ಇವರು ಆಸ್ಪತ್ರೆಗೆ ದಾಖಲಾಗುವ ಪ್ರಮಾಣ ಉಳಿದವರಷ್ಟೇ ಇತ್ತು. ಆದರೆ ಮುಚ್ಚಿದ ರಕ್ತನಾಳ ತೆರೆಯುವ ಚಿಕಿತ್ಸೆ, ಬೈಪಾಸ್ ಶಸ್ತ್ರಚಿಕಿತ್ಸೆ ಇವೆಲ್ಲ ಇವರಿಗೆ ಸಿಕ್ಕಿದ್ದು ತುಂಬಾ ಕಡಿಮೆ. ಸೈಕೋಸಿಸ್, ಅಂದರೆ ವಾಸ್ತವದ ಹಿಡಿತ ತಪ್ಪುವಂಥ ತೀವ್ರ ಮನೋರೋಗ ಇದ್ದವರಿಗಂತೂ ಇನ್ನೂ ಕಡಿಮೆ. ಅಂದರೆ ಆಸ್ಪತ್ರೆಯ ಬಾಗಿಲವರೆಗೆ ಬಂದಿದ್ದರು. ಒಳಗೆ ಏನೋ ತಪ್ಪುತ್ತಿತ್ತು.

ಈ ಸತ್ಯವನ್ನು ಯಾವ ಒಬ್ಬ ಡಾಕ್ಟರೂ ಕಂಡಿರಲಿಲ್ಲ. ಕಾಣುವುದು ಸಾಧ್ಯವೂ ಇರಲಿಲ್ಲ. ಮನೋವೈದ್ಯರ ಕಡತಕ್ಕೆ ಕಾಯಿಲೆ ಗೊತ್ತು, ಹತ್ತು ವರ್ಷ ಆದಮೇಲೆ ಆ ವ್ಯಕ್ತಿ ಹೇಗೆ ಸತ್ತರು ಅಂತ ಗೊತ್ತಿಲ್ಲ. ಮರಣ ನೋಂದಣಿಗೆ ಸಾವು ಗೊತ್ತು, ಮನಸ್ಸಿನ ಕಾಯಿಲೆ ಇತ್ತೋ ಇಲ್ಲವೋ ಗೊತ್ತಿಲ್ಲ. ಹೃದ್ರೋಗ ವಿಭಾಗಕ್ಕೆ ಯಾರಿಗೆ ಚಿಕಿತ್ಸೆ ಕೊಟ್ಟೆವು ಅಂತ ಗೊತ್ತು, ಯಾರಿಗೆ ಕೊಡಲಿಲ್ಲ ಅನ್ನುವುದರ ಲೆಕ್ಕ ಇಲ್ಲ. ಮೂರನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ಚಿತ್ರ ಮೂಡಿತು. ಜಾಸ್ತಿ ಆಪ್ತಸಲಹೆ ಕೇಂದ್ರ ತೆರೆದು ಸುಮ್ಮನಾಗಬೇಕೋ, ಮನೋರೋಗಿಗಳ ರಕ್ತದೊತ್ತಡ, ಸಿಗರೇಟು, ಕೊಲೆಸ್ಟ್ರಾಲ್ ಕಡೆಗೂ ನೋಡಬೇಕೋ ಅನ್ನುವ ಸರ್ಕಾರದ ತೀರ್ಮಾನ ಇಂಥ ಚಿತ್ರದ ಮೇಲೆ ನಿಲ್ಲುತ್ತದೆ. ಇಲ್ಲದಿದ್ದರೆ ಊಹೆಯ ಮೇಲೆ ನಿಲ್ಲುತ್ತದೆ.

ನಾನು ಜೋಡಣೆಯ ಪರ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ಹೆಚ್ಚಿನದು ಅದರ ಅಪಾಯಗಳ ಬಗ್ಗೆ.

ಜೋಡಿಸುವುದು ಹೇಗೆ? ಪಶ್ಚಿಮ ಆಸ್ಟ್ರೇಲಿಯಾ 1995ರಲ್ಲಿ ಇದಕ್ಕೊಂದು ವ್ಯವಸ್ಥೆ ಕಟ್ಟಿತು. ಅದರ ಮೂಲ ನಿಯಮ ಸರಳ. ಹೆಸರು ನೋಡುವವರು ಕಾಯಿಲೆ ನೋಡಬಾರದು, ಕಾಯಿಲೆ ನೋಡುವವರು ಹೆಸರು ನೋಡಬಾರದು. ಒಂದು ತಂಡಕ್ಕೆ ಹೆಸರು, ಜನ್ಮ ದಿನಾಂಕ, ವಿಳಾಸ ಮಾತ್ರ ಬರುತ್ತದೆ. ಈ ಕಡತದ ಈ ವ್ಯಕ್ತಿಯೂ ಆ ಕಡತದ ಆ ವ್ಯಕ್ತಿಯೂ ಒಬ್ಬರೇನಾ ಅಂತ ನೋಡುವುದಷ್ಟೇ ಅವರ ಕೆಲಸ. ಸಂಶೋಧಕರಿಗೆ ಹೋಗುವುದು ಕಾಯಿಲೆ, ಚಿಕಿತ್ಸೆ, ಸಾವಿನ ವಿವರ. ಹೆಸರಿನ ಜಾಗದಲ್ಲಿ ಒಂದು ಸಂಖ್ಯೆ. ಆ ಸಂಖ್ಯೆ ಪ್ರತಿ ಸಂಶೋಧನೆಗೂ ಬೇರೆ ಬೇರೆ. ನನಗೆ ಕೊಟ್ಟ ಕಡತವನ್ನೂ ನಿಮಗೆ ಕೊಟ್ಟ ಕಡತವನ್ನೂ ನಾವಿಬ್ಬರೂ ಸೇರಿ ಗುಟ್ಟಾಗಿ ಜೋಡಿಸಲು ಹೋದರೆ ಸಂಖ್ಯೆ ಹೊಂದುವುದಿಲ್ಲ. ಈ ಕೊನೆಯ ಉಪಾಯ ನನಗೆ ತುಂಬಾ ಇಷ್ಟ. ಮನುಷ್ಯರ ಒಳ್ಳೆಯತನವನ್ನು ನಂಬಿ ಕೂರದ ನಿಯಮ ಅದು.

ಡೆನ್ಮಾರ್ಕಿನಂಥ ದೇಶಕ್ಕೆ ಈ ಕೆಲಸ ಇನ್ನೂ ಸುಲಭ. ಅಲ್ಲಿ 1968ರಿಂದ ಪ್ರತಿಯೊಬ್ಬರಿಗೂ ಒಂದೇ ಗುರುತಿನ ಸಂಖ್ಯೆ ಇದೆ. ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆಯಿಂದ ಆಟಿಸಂ ಬರುತ್ತದೆ ಅಂತ ಗಲಾಟೆ ಎದ್ದಾಗ ಅವರು 1991ರಿಂದ 1998ರ ನಡುವೆ ಹುಟ್ಟಿದ 5,37,303 ಮಕ್ಕಳ ದಾಖಲೆ ಜೋಡಿಸಿ ನೋಡಿದರು. ಲಸಿಕೆ ಹಾಕಿದವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ದೇಶದಲ್ಲಿ ಆ ವರ್ಷಗಳಲ್ಲಿ ಹುಟ್ಟಿದ ಎಲ್ಲ ಮಕ್ಕಳೂ ಲೆಕ್ಕದಲ್ಲಿದ್ದಾಗ "ನೀವು ಆರಿಸಿ ತೆಗೆದಿದ್ದೀರಿ" ಅಂತ ವಾದ ಹೂಡುವುದು ಕಷ್ಟ.

ಒಂದೇ ಸಂಖ್ಯೆ ಇಲ್ಲದ ಕಡೆ ಹೆಸರಿನ ಮೇಲೆಯೇ ನಡೆಯಬೇಕು. ಕೆನಡಾದ ಹೊವರ್ಡ್ ನ್ಯೂಕೋಂಬ್ 1950ರ ದಶಕದಲ್ಲೇ ಇದನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದ್ದರು. 1969ರಲ್ಲಿ ಫೆಲ್ಲಿಗಿ ಮತ್ತು ಸಂಟರ್ ಅನ್ನುವ ಇಬ್ಬರು ಅದಕ್ಕೆ ಗಣಿತದ ಅಡಿಪಾಯ ಹಾಕಿದರು. ತಿರುಳು ಇಷ್ಟೇ: ಹೊಂದಿಕೆಗೆ ಅಂಕ ಕೊಡುವುದು. ಎರಡು ಕಡತದಲ್ಲೂ ಮಂಜುನಾಥ ಅಂತ ಇದ್ದರೆ ಅಂಕ ಕಡಿಮೆ, ಯಾಕೆಂದರೆ ಊರ ತುಂಬಾ ಮಂಜುನಾಥರೇ. ಅಪರೂಪದ ಹೆಸರು ಎರಡೂ ಕಡೆ ಸಿಕ್ಕರೆ ಅಂಕ ಜಾಸ್ತಿ. ಒಟ್ಟು ಅಂಕ ಒಂದು ಗೆರೆ ದಾಟಿದರೆ ಇಬ್ಬರೂ ಒಬ್ಬರೇ ಅಂತ ತೀರ್ಮಾನ.

ಆಸ್ಟ್ರೇಲಿಯಾದಲ್ಲಿ ಕಡತ ಜೋಡಿಸಲು ಎಸ್‌ಎಲ್‌ಕೆ-581 ಅನ್ನುವ ಒಂದು ಕೀಲಿ ಬಳಕೆಯಲ್ಲಿದೆ. ಮನೆತನದ ಹೆಸರಿನ ಎರಡನೇ, ಮೂರನೇ, ಐದನೇ ಅಕ್ಷರ, ಸ್ವಂತ ಹೆಸರಿನ ಎರಡನೇ, ಮೂರನೇ ಅಕ್ಷರ, ಹುಟ್ಟಿದ ದಿನಾಂಕದ ಎಂಟು ಅಂಕಿ, ಲಿಂಗಕ್ಕೆ ಒಂದು ಅಂಕಿ. ಐದು, ಎಂಟು, ಒಂದು. ಅಕ್ಷರ ಸಾಲದೆ ಹೋದರೆ ಆ ಜಾಗಕ್ಕೆ 2 ತುಂಬುತ್ತಾರೆ. ಈಗ ನಮ್ಮ ಕಡೆಯಿಂದ ಹೋದವರನ್ನು ಯೋಚಿಸಿ. ಮನೆತನದ ಹೆಸರಿನ ಜಾಗದಲ್ಲಿ 'ಕೆ' ಅಂತ ಒಂದೇ ಇನಿಷಿಯಲ್. ಅವರ ಮೊದಲ ಮೂರು ಅಕ್ಷರ 222. ಪಕ್ಕದ ಬೀದಿಯ 'ಎಂ' ಅವರದ್ದೂ 222. ಬ್ಯಾಂಕಿನಲ್ಲಿ ಅಪ್ಪನ ಹೆಸರು ಹಿಂದೆ, ಆಸ್ಪತ್ರೆಯಲ್ಲಿ ಮುಂದೆ. ಮೆಲ್ಬರ್ನಿನಲ್ಲೋ ಪರ್ತ್‌ನಲ್ಲೋ ಇರುವ ಕನ್ನಡಿಗರಿಗೆ ಈ ಗೋಳು ಚೆನ್ನಾಗಿ ಗೊತ್ತು. ಕಡತಗಳು ಸರಿಯಾಗಿ ಜೋಡಣೆ ಆಗದವರಲ್ಲಿ ವಲಸೆ ಬಂದವರ ಪಾಲು ಹೆಚ್ಚಾದರೆ, ಲೆಕ್ಕದಿಂದ ಬಿಟ್ಟುಹೋಗುವವರೂ ಅವರೇ. ಆಮೇಲೆ ಆ ಲೆಕ್ಕ ನೋಡಿ ಸರ್ಕಾರ "ಇವರಿಗೇನೂ ತೊಂದರೆ ಇಲ್ಲ" ಅಂದುಕೊಳ್ಳಬಹುದು.

ನಮ್ಮ ರಾಜ್ಯದಲ್ಲಿ ಇನ್ನೊಂದು ತಮಾಷೆ ಇದೆ. ಸಭೆಯಲ್ಲಿ ಐವತ್ತು ದಾಟಿದವರು ಇದ್ದೀರಿ. ಎಷ್ಟು ಜನರ ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1? (ನಗು. ಕೈಗಳು ಎದ್ದವು.) ಮೇಷ್ಟ್ರು ಹಾಕಿಕೊಂಡ ದಿನಾಂಕ ಅದು. ಆ ಕಾಲದ ಸರ್ಕಾರಿ ದಾಖಲೆಗಳಲ್ಲಿ ಅರ್ಧ ಹಳ್ಳಿ ಒಂದೇ ದಿನ ಹುಟ್ಟಿರುತ್ತದೆ. ಜನ್ಮ ದಿನಾಂಕ ನಂಬಿ ಕಟ್ಟಿದ ವಿದೇಶದ ಲೆಕ್ಕಾಚಾರವನ್ನು ಇಲ್ಲಿಗೆ ಹಾಗೆಯೇ ತಂದರೆ ನಡೆಯುವುದಿಲ್ಲ.

ಇನ್ನು ಅಪಾಯದ ಮಾತು. ಹೆಸರು ಅಳಿಸಿದೆವು, ಇನ್ನೇನು ಭಯ ಅಂತ ಅಧಿಕಾರಿಗಳು ಹೇಳುವುದನ್ನು ಕೇಳಿರುತ್ತೀರಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವೂ 1990ರ ದಶಕದಲ್ಲಿ ಇದನ್ನೇ ಹೇಳಿತ್ತು. ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟರು. ಪಿನ್ ಕೋಡ್, ಹುಟ್ಟಿದ ದಿನಾಂಕ, ಲಿಂಗ ಉಳಿದಿತ್ತು. ಲತಾನ್ಯಾ ಸ್ವೀನಿ ಆಗ ಎಂಐಟಿಯಲ್ಲಿ ವಿದ್ಯಾರ್ಥಿನಿ. ಅವರು 20 ಡಾಲರ್ ಕೊಟ್ಟು ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ಕೊಂಡರು. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಆ ಊರಿನವರು. ಅವರು ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ. ಅದರಲ್ಲಿ ಗಂಡಸರು ಮೂವರು. ಅವರ ಪಿನ್ ಕೋಡಿನಲ್ಲಿ ಇದ್ದದ್ದು ಒಬ್ಬರೇ. ಗವರ್ನರ್ ಸಾಹೇಬರ ಆಸ್ಪತ್ರೆ ದಾಖಲೆ ಸಿಕ್ಕಿಬಿಟ್ಟಿತು.

ಪಾಠ ಕಲಿತಿರಬೇಕಲ್ವಾ? ಇಪ್ಪತ್ತು ವರ್ಷ ಆದಮೇಲೆ, 2016ರ ಆಗಸ್ಟಿನಲ್ಲಿ, ಆಸ್ಟ್ರೇಲಿಯಾದ ಕೇಂದ್ರ ಆರೋಗ್ಯ ಇಲಾಖೆ ಸುಮಾರು 29 ಲಕ್ಷ ಜನರ ಚಿಕಿತ್ಸೆ ಮತ್ತು ಔಷಧಿ ಬಿಲ್ಲುಗಳ ದಾಖಲೆಯನ್ನು ಸರ್ಕಾರದ ಜಾಲತಾಣದಲ್ಲಿ ಇಟ್ಟಿತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಜನಸಂಖ್ಯೆಯ ಶೇಕಡ 10 ಮಂದಿಯ ದಾಖಲೆ, 1984ರಿಂದ 2014ರವರೆಗಿನದು. ಉದ್ದೇಶ ಒಳ್ಳೆಯದೇ. ಎಚ್ಚರಿಕೆಯನ್ನೂ ವಹಿಸಿದ್ದರು. ಹೆಸರು ಇರಲಿಲ್ಲ, ದಿನಾಂಕಗಳನ್ನು ಎರಡು ವಾರದವರೆಗೆ ಆಚೀಚೆ ಸರಿಸಿದ್ದರು, ತೀರಾ ಅಪರೂಪದ ಚಿಕಿತ್ಸೆಗಳನ್ನು ತೆಗೆದುಹಾಕಿದ್ದರು.

ಮೆಲ್ಬರ್ನ್ ವಿಶ್ವವಿದ್ಯಾಲಯದ ಕ್ರಿಸ್ ಕಲ್ನೇನ್, ಬೆಂಜಮಿನ್ ರೂಬಿನ್‌ಸ್ಟೈನ್, ವನೆಸ್ಸಾ ಟೀಗ್ ಮೂವರೂ ಸೇರಿ ಅದನ್ನು ಪರೀಕ್ಷೆ ಮಾಡಿದರು. ಮೊದಲು ಡಾಕ್ಟರುಗಳ ಮುಚ್ಚಿಟ್ಟ ಸಂಖ್ಯೆಗಳ ಬೀಗ ಒಡೆಯಿತು. ಸೆಪ್ಟೆಂಬರಿನಲ್ಲಿ ಇಲಾಖೆಗೆ ತಿಳಿಸಿದರು. ಇಲಾಖೆ ಕಡತವನ್ನು ಜಾಲತಾಣದಿಂದ ತೆಗೆಯಿತು. ತೆಗೆದು ಏನು ಬಂತು, ಅಷ್ಟರಲ್ಲಿ ಇಳಿಸಿಕೊಂಡವರ ಬಳಿ ಅದು ಇದ್ದೇ ಇದೆ. 2017ರ ಡಿಸೆಂಬರಿನಲ್ಲಿ ಅದೇ ತಂಡ ರೋಗಿಗಳನ್ನೂ ಗುರುತಿಸಬಹುದು ಅಂತ ತೋರಿಸಿತು. ಬೀಗ ಒಡೆಯುವ ಗಣಿತವೂ ಬೇಕಾಗಲಿಲ್ಲ. ಹುಟ್ಟಿದ ವರ್ಷ, ಮಗು ಹುಟ್ಟಿದ ದಿನ, ಶಸ್ತ್ರಚಿಕಿತ್ಸೆ ಆದ ದಿನ ಇಷ್ಟು ಗೊತ್ತಿದ್ದರೆ ಸಾಕು. ರಾಜಕಾರಣಿಗಳ, ಆಟಗಾರರ ಇಂಥ ವಿವರ ಪತ್ರಿಕೆಯಲ್ಲೇ ಬಂದಿರುತ್ತದೆ. ನಿಮ್ಮದು, ನನ್ನದು ಪತ್ರಿಕೆಯಲ್ಲಿ ಬರುವುದಿಲ್ಲ ನಿಜ. ಆದರೆ ನಿಮ್ಮ ಹೆರಿಗೆಯ ದಿನ ನಿಮ್ಮ ಓರಗಿತ್ತಿಗೆ ಗೊತ್ತು, ನಿಮ್ಮ ಮೊಣಕಾಲಿನ ಆಪರೇಷನ್ನಿನ ದಿನ ನಿಮ್ಮ ಮೇಲಧಿಕಾರಿಗೆ ಗೊತ್ತು. ಎರಡು ಮೂರು ದಿನಾಂಕ ಸೇರಿದರೆ ಅದು ಬೆರಳಚ್ಚಿನಷ್ಟೇ ಖಚಿತ. ಆ ಸಾಲು ಸಿಕ್ಕಿತು ಅಂದರೆ ಅದೇ ಸಾಲಿನಲ್ಲಿ ಮೂವತ್ತು ವರ್ಷದ ಉಳಿದ ಕಥೆಯೂ ಇರುತ್ತದೆ.

ಸರ್ಕಾರ ಇದಕ್ಕೆ ಹೇಗೆ ಪ್ರತಿಕ್ರಿಯಿಸಿತು? ಡಾಕ್ಟರುಗಳ ಸಂಖ್ಯೆಯ ಬೀಗ ಒಡೆದ ಮರುತಿಂಗಳೇ, 2016ರ ಅಕ್ಟೋಬರಿನಲ್ಲಿ, ಗುರುತು ಅಳಿಸಿದ ಸರ್ಕಾರಿ ಕಡತದಲ್ಲಿ ಮತ್ತೆ ಗುರುತು ಹಚ್ಚುವುದನ್ನೇ ಅಪರಾಧ ಮಾಡುವ ಮಸೂದೆ ತಂದಿತು. ಅದೂ ಹಿಂದಿನ ದಿನಾಂಕದಿಂದ ಜಾರಿಗೆ ಬರುವಂತೆ. ಗೋಡೆಯಲ್ಲಿ ಬಿರುಕಿದೆ ಅಂತ ತೋರಿಸಿದವರ ಕೈಗೆ ಕೋಳ ತೊಡಿಸುವ ಯೋಚನೆ! ಅದೃಷ್ಟಕ್ಕೆ ಅದು ಕಾನೂನಾಗಲೇ ಇಲ್ಲ, 2019ರಲ್ಲಿ ತಾನಾಗಿಯೇ ಬಿದ್ದುಹೋಯಿತು. ಇಲಾಖೆ ಖಾಸಗಿತನದ ಕಾನೂನು ಮುರಿದಿತ್ತು ಅಂತ ಅಲ್ಲಿನ ಆಯುಕ್ತರು 2018ರಲ್ಲಿ ತೀರ್ಪು ಕೊಟ್ಟರು.

ನಾವು ಆಸ್ಟ್ರೇಲಿಯಾದವರನ್ನು ನೋಡಿ ನಗುವ ಹಾಗಿಲ್ಲ. 2020ರ ಕೋವಿಡ್ ದಿನಗಳನ್ನು ನೆನಪಿಸಿಕೊಳ್ಳಿ. ನಮ್ಮ ಆರೋಗ್ಯ ಇಲಾಖೆ ಪ್ರತಿ ಸಂಜೆ ಪ್ರಕಟಣೆ ಹೊರಡಿಸುತ್ತಿತ್ತು. ಹೆಸರಿಲ್ಲ, 'ಪಿ' ಅನ್ನುವ ಅಕ್ಷರ, ಪಕ್ಕದಲ್ಲಿ ಸಂಖ್ಯೆ. ಆಮೇಲೆ ವಯಸ್ಸು, ಗಂಡೋ ಹೆಣ್ಣೋ, ಯಾವ ಊರು, ಯಾವ 'ಪಿ'ಯ ಸಂಪರ್ಕದಿಂದ ಬಂತು. ಒಂದು ತಾಲೂಕಿನಲ್ಲಿ ಒಬ್ಬರೇ ಸೋಂಕಿತರಿದ್ದಾಗ ಆ ಸಂಖ್ಯೆ ಯಾರು ಅಂತ ಊರಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಅದೇ ಮಾರ್ಚಿನಲ್ಲಿ ವಿದೇಶದಿಂದ ಬಂದು ಮನೆಯಲ್ಲಿ ಕ್ವಾರಂಟೈನ್ ಆದವರ ಪಟ್ಟಿಯನ್ನು ಮನೆ ವಿಳಾಸದ ಸಮೇತ ಸರ್ಕಾರವೇ ಪ್ರಕಟಿಸಿತು. ಆ ತುರ್ತಿನ ದಿನಗಳಲ್ಲಿ ಅಧಿಕಾರಿಗಳಿಗೆ ಎಷ್ಟು ಒತ್ತಡ ಇತ್ತು ಅಂತ ಅರ್ಥವಾಗುತ್ತದೆ. ಆದರೂ ಮನೆ ವಿಳಾಸ ಹಾಕಿದ ಮೇಲೆ ಹೆಸರು ಹಾಕಿದರೇನು, ಬಿಟ್ಟರೇನು?

ಹಾಗಾದರೆ ದಾರಿ ಏನು? ಇಂಗ್ಲೆಂಡಿನ ಎರಡು ಪ್ರಯತ್ನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ಮೊದಲನೆಯದು 'ಕೇರ್ ಡಾಟ್ ಡೇಟಾ'. ಎಲ್ಲರ ಕುಟುಂಬ ವೈದ್ಯರ ದಾಖಲೆಗಳನ್ನು ಒಂದು ಕಡೆ ತಂದು ಆಸ್ಪತ್ರೆ ದಾಖಲೆಗಳ ಜೊತೆ ಜೋಡಿಸುವ ಯೋಜನೆ. 2014ರ ಜನವರಿಯಲ್ಲಿ ಮನೆ ಮನೆಗೆ ಕರಪತ್ರ ಹಂಚಿದರು. ಅದು ಪಿಜ್ಜಾ ಅಂಗಡಿಯ ಜಾಹೀರಾತುಗಳ ನಡುವೆ ಕಸದ ಬುಟ್ಟಿಗೆ ಹೋಯಿತು ಅಂತ ಆಗ ಜನ ಗೇಲಿ ಮಾಡಿದರು. ಅಷ್ಟರಲ್ಲಿ ಹಿಂದೆ ಆಸ್ಪತ್ರೆಗಳ ದಾಖಲೆಗಳು ವಿಮೆಯ ಲೆಕ್ಕ ಹಾಕುವವರ ಕೈಗೆ ಹೋಗಿದ್ದ ಸುದ್ದಿ ಹೊರಗೆ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಜನ ನಮ್ಮ ದಾಖಲೆ ಬೇಡ ಅಂತ ಬರೆದುಕೊಟ್ಟರು. 2016ರಲ್ಲಿ ಯೋಜನೆ ಮುಚ್ಚಿತು. ಹಣ ಹೋಯಿತು, ಅದಕ್ಕಿಂತ ಹೆಚ್ಚಾಗಿ ನಂಬಿಕೆ ಹೋಯಿತು.

ಎರಡನೆಯದು 'ಓಪನ್‌ಸೇಫ್ಲಿ'. 2020ರ ಕೋವಿಡ್ ಹೊತ್ತಿನಲ್ಲಿ ಆಕ್ಸ್‌ಫರ್ಡ್‌ನ ಬೆನ್ ಗೋಲ್ಡೇಕರ್ ಮತ್ತು ಲಂಡನ್ನಿನ ಸಂಶೋಧಕರು ಸೇರಿ ಕಟ್ಟಿದ್ದು. ಇಲ್ಲಿ ಕಡತ ಇದ್ದಲ್ಲೇ ಇರುತ್ತದೆ. ನಮ್ಮ ಗ್ರಂಥಾಲಯಗಳ ಪರಾಮರ್ಶನ ವಿಭಾಗ ನೆನಪಿಸಿಕೊಳ್ಳಿ, ಪುಸ್ತಕ ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಟಿಪ್ಪಣಿ ಮಾಡಿಕೊಳ್ಳಬೇಕು. ಇದು ಅದಕ್ಕಿಂತ ಇನ್ನೊಂದು ಹೆಜ್ಜೆ ಬಿಗಿ. ಸಂಶೋಧಕರು ಪ್ರಶ್ನೆಯನ್ನು ಪ್ರೋಗ್ರಾಂ ರೂಪದಲ್ಲಿ ಬರೆಯುತ್ತಾರೆ. ನಕಲಿ ದಾಖಲೆಗಳ ಮೇಲೆ ಅದನ್ನು ಓಡಿಸಿ ಪರೀಕ್ಷಿಸುತ್ತಾರೆ. ಆಮೇಲೆ ಆ ಪ್ರೋಗ್ರಾಂ ಒಳಗೆ ಹೋಗಿ ನಿಜವಾದ ದಾಖಲೆಗಳ ಮೇಲೆ ಓಡುತ್ತದೆ. ಹೊರಗೆ ಬರುವುದು ಕೋಷ್ಟಕ, ನಕ್ಷೆ ಮಾತ್ರ. ಅದನ್ನೂ ಒಬ್ಬರು ಪರಿಶೀಲಿಸಿಯೇ ಬಿಡುತ್ತಾರೆ. ಯಾರು ಯಾವ ಪ್ರಶ್ನೆ ಕೇಳಿದರು ಅನ್ನುವುದು ಸಾರ್ವಜನಿಕವಾಗಿ ದಾಖಲಾಗುತ್ತದೆ. ನೀವು, ನಾನು ಯಾರು ಬೇಕಾದರೂ ನೋಡಬಹುದು.

ಇಷ್ಟು ಬಿಗಿ ಇದ್ದರೆ ಕೆಲಸ ನಿಧಾನ ಆಗುತ್ತದೆ ಅಂತ ವಾದ ಇತ್ತು. 2020ರ ಜುಲೈ ಹೊತ್ತಿಗೆ ಅವರು 1,72,78,392 ವಯಸ್ಕರ ದಾಖಲೆ ಆಧರಿಸಿದ ಪ್ರಬಂಧ ಪ್ರಕಟಿಸಿದರು. ಯಾರಿಗೆ ಕೋವಿಡ್ ಸಾವಿನ ಅಪಾಯ ಹೆಚ್ಚು ಅನ್ನುವ ಲೆಕ್ಕ. ವಯಸ್ಸು, ಬಡತನ, ಸಕ್ಕರೆ ಕಾಯಿಲೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಕಪ್ಪು ಜನಾಂಗದವರು ಮತ್ತು ದಕ್ಷಿಣ ಏಷ್ಯಾ ಮೂಲದವರ ಅಪಾಯ ಬಿಳಿಯರಿಗಿಂತ ಹೆಚ್ಚಿತ್ತು. ಲಂಡನ್ನಿನ ಕನ್ನಡಿಗರೂ ಆ ಎರಡನೇ ಗುಂಪಿನಲ್ಲಿ ಸೇರುತ್ತಾರೆ.

ಹೆಸರು ತೆಗೆದಿದ್ದೀರಾ ಅಂತ ಕೇಳುವುದು ನನ್ನ ಪ್ರಕಾರ ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು: ಕಡತ ನಿಮ್ಮ ಕಟ್ಟಡ ಬಿಟ್ಟು ಹೊರಗೆ ಹೋಗುತ್ತದೆಯೇ? ಹೋಗುತ್ತದೆ ಅಂದರೆ ಎಷ್ಟು ಹೆಸರು ಅಳಿಸಿದರೂ ಸಾಲದು. ಹೋಗುವುದಿಲ್ಲ, ಪ್ರಶ್ನೆಗಳೇ ಒಳಗೆ ಬರುತ್ತವೆ, ಬಂದ ಪ್ರಶ್ನೆಗಳ ಪಟ್ಟಿಯನ್ನು ಜನರ ಮುಂದೆ ಇಡುತ್ತೇವೆ ಅಂದರೆ ನಾನು ಜೋಡಣೆಗೆ ಒಪ್ಪುತ್ತೇನೆ.

ಈಗ ಕರ್ನಾಟಕಕ್ಕೆ ಬರೋಣ. ವಾಜಪೇಯಿ ಆರೋಗ್ಯಶ್ರೀ ಯೋಜನೆ ನಿಮಗೆ ನೆನಪಿರಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಹೃದಯ, ಕ್ಯಾನ್ಸರ್‌ನಂಥ ದುಬಾರಿ ಚಿಕಿತ್ಸೆ ಉಚಿತ. 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಮೊದಲು ಶುರುವಾಯಿತು, ದಕ್ಷಿಣಕ್ಕೆ ಆಮೇಲೆ ಬಂತು. ಈ ನಡುವಿನ ಸಮಯವನ್ನು ಸಂಶೋಧಕರು ಚೆನ್ನಾಗಿ ಬಳಸಿಕೊಂಡರು. ಯೋಜನೆ ಇದ್ದ ಮತ್ತು ಇಲ್ಲದ ಪ್ರದೇಶಗಳ ಗಡಿಯಲ್ಲಿ ಅಕ್ಕಪಕ್ಕದ ಹಳ್ಳಿಗಳನ್ನು ಹೋಲಿಸಿದರು. ಒಟ್ಟು 572 ಹಳ್ಳಿ, 60,000ಕ್ಕೂ ಹೆಚ್ಚು ಮನೆ. 2014ರಲ್ಲಿ ಫಲಿತಾಂಶ ಬಂತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಯೋಜನೆ ಇದ್ದ ಕಡೆ ಶೇಕಡ 0.32, ಇಲ್ಲದ ಕಡೆ ಶೇಕಡ 0.90. ದೊಡ್ಡ ವ್ಯತ್ಯಾಸ.

ನನಗೆ ಆ ಅಧ್ಯಯನದ ಬಗ್ಗೆ ಗೌರವ ಇದೆ. ಆದರೆ ಅದನ್ನು ಮಾಡಿದ ರೀತಿ ನೋಡಿ. ಮನೆ ಮನೆಗೆ ಹೋಗಿ "ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರಾ, ಯಾವುದರಿಂದ" ಅಂತ ಕೇಳಬೇಕಾಯಿತು. ಚಿಕಿತ್ಸೆಗೆ ಹಣ ಕೊಟ್ಟ ಲೆಕ್ಕ ಯೋಜನೆ ನಡೆಸುವ ಟ್ರಸ್ಟಿನ ಬಳಿ ಇರುತ್ತದೆ. ಸಾವಿನ ಲೆಕ್ಕ ಜನನ ಮರಣ ನೋಂದಣಿಯಲ್ಲಿ ಇರುತ್ತದೆ. ಎರಡೂ ಸರ್ಕಾರದ್ದೇ. ಹೃದಯ ಶಸ್ತ್ರಚಿಕಿತ್ಸೆ ಆದವರು ಐದು ವರ್ಷ ಆದಮೇಲೆ ಬದುಕಿದ್ದಾರೋ ಇಲ್ಲವೋ ಅಂತ ತಿಳಿಯಲು ಈ ಎರಡು ಕಡತ ಸೇರಬೇಕು, ಅಷ್ಟೇ. ಈಗ 14 ಅಂಕಿಯ ಆಭಾ ಅನ್ನುವ ಆರೋಗ್ಯ ಗುರುತಿನ ಸಂಖ್ಯೆ ಬಂದಿದೆ, ರಾಜ್ಯ ಸರ್ಕಾರದ 'ಕುಟುಂಬ' ಅನ್ನುವ ಮನೆವಾರು ದತ್ತಾಂಶ ಇದೆ, ಜೋಡಿಸುವ ದಾರ ಹಿಂದಿಗಿಂತ ಗಟ್ಟಿ. ದಾರ ಗಟ್ಟಿಯಾದಷ್ಟೂ ಮೇಲೆ ಹೇಳಿದ ಕಟ್ಟಡದ ಪ್ರಶ್ನೆಯೂ ಜೋರಾಗಿ ಕೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಸಂಶೋಧನೆ ಮತ್ತು ಅಂಕಿಅಂಶದ ಕೆಲಸಕ್ಕೆ ಕೆಲವು ಷರತ್ತಿನ ಮೇಲೆ ವಿನಾಯಿತಿ ಕೊಡುತ್ತದೆ. ವಿನಾಯಿತಿ ಬೇಕು. ಆದರೆ ಆ ವಿನಾಯಿತಿಯಲ್ಲಿ ಯಾರು ಏನು ಕೇಳಿದರು ಅಂತ ಜನರಿಗೆ ಕಾಣಬೇಕು.

ಸಭೆಯಲ್ಲಿ ಬಂದ ಪ್ರಶ್ನೆಗಳು.

"ನನ್ನ ದಾಖಲೆ ಸೇರಿಸಬೇಡಿ ಅನ್ನುವ ಹಕ್ಕು ನನಗೆ ಬೇಡವೇ?" ಅಂತ ಒಬ್ಬರು ಕೇಳಿದರು. ಬೇಕು ಅಂತಲೇ ನನಗೂ ಅನಿಸುತ್ತದೆ. ಆದರೆ ಅದಕ್ಕೊಂದು ಬೆಲೆ ಇದೆ. ಹಿಂದೆ ಸರಿಯುವವರು ಎಲ್ಲ ಗುಂಪಿನಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಮಾನಸಿಕ ಕಾಯಿಲೆ, ಎಚ್‌ಐವಿ ಇದ್ದವರಿಗೆ ಭಯ ಹೆಚ್ಚು, ಅವರೇ ಜಾಸ್ತಿ ಹೊರಗೆ ಉಳಿಯಬಹುದು. ಮೊದಲು ಹೇಳಿದ ಪಶ್ಚಿಮ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಹಾಗಾಗಿದ್ದರೆ ಆ ಹೃದಯದ ಸಾವುಗಳು ಕಾಣುತ್ತಲೇ ಇರಲಿಲ್ಲ. ವ್ಯವಸ್ಥೆ ನಂಬಿಕೆ ಗಳಿಸಿದರೆ ಹೊರಗೆ ಹೋಗುವವರು ಕಡಿಮೆಯಾಗುತ್ತಾರೆ. ಬೇರೆ ಅಡ್ಡದಾರಿ ನನಗೆ ಕಾಣುತ್ತಿಲ್ಲ.

"ವಿಮಾ ಕಂಪನಿಗೆ ಕೊಟ್ಟರೆ?" ಕೊಡಬಾರದು. ಇದಕ್ಕೆ ಉದ್ದ ಉತ್ತರ ಬೇಡ.

ಕೊನೆಗೆ ಒಬ್ಬ ನಿವೃತ್ತ ಆರೋಗ್ಯ ಸಹಾಯಕಿ ಕೇಳಿದರು: "ನಾಳೆಯೇ ಎರಡೂ ಕಡತ ಜೋಡಿಸಿ ಅಂತ ಆದೇಶ ಬಂದರೆ ಏನು ಸಿಗುತ್ತದೆ?" ಅವತ್ತಿನ ಅತ್ಯುತ್ತಮ ಪ್ರಶ್ನೆ ಅದು. ವ್ಯಕ್ತಿ ಸತ್ತರು ಅನ್ನುವುದು ಸಿಗುತ್ತದೆ. ಯಾವುದರಿಂದ ಸತ್ತರು ಅನ್ನುವುದು ಹೆಚ್ಚಿನ ಸಲ ಸಿಗುವುದಿಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದು ಪ್ರಮಾಣಪತ್ರ ಕೊಟ್ಟದ್ದು ಶೇಕಡ 22.5ಕ್ಕೆ ಮಾತ್ರ. ಆಸ್ಪತ್ರೆಯಲ್ಲಿ ಸತ್ತರೆ ನಮೂನೆ 4, ಹೊರಗೆ ಸತ್ತರೆ ನಮೂನೆ 4ಎ. ಆ ನಮೂನೆಯಲ್ಲೂ ಎಷ್ಟೋ ಸಲ 'ಹೃದಯ ಮತ್ತು ಉಸಿರಾಟ ನಿಂತು ಸಾವು' ಅಂತ ಬರೆದಿರುತ್ತದೆ. ಎಲ್ಲರೂ ಸಾಯುವುದು ಹಾಗೆಯೇ. ಅದು ಸತ್ತ ರೀತಿ, ಕಾರಣ ಅಲ್ಲ. ಹಾಗೆ ಬರೆಯಬಾರದು ಅಂತ ನಿಯಮವೂ ಇದೆ. ಆದ್ದರಿಂದ ಕಂಪ್ಯೂಟರ್ ಕೊಳ್ಳುವ ಮೊದಲು ಹಣ ಇದ್ದರೆ ನಾನು ಜಿಲ್ಲಾಸ್ಪತ್ರೆಗಳ ಕಿರಿಯ ವೈದ್ಯರಿಗೆ ನಮೂನೆ 4 ತುಂಬುವ ತರಬೇತಿಗೆ ಖರ್ಚು ಮಾಡುತ್ತೇನೆ ಅಂದೆ. "ಅವರಿಗೆ ರಾತ್ರಿ ಮೂರು ಗಂಟೆಗೆ ಅದನ್ನು ತುಂಬುವಷ್ಟು ಪುರುಸೊತ್ತು ಎಲ್ಲಿದೆ?" ಅಂತ ಅವರು ಮರುಪ್ರಶ್ನೆ ಹಾಕಿದರು. ಹಾಗಾದರೆ ವಾರ್ಡಿಗೆ ಇನ್ನೊಬ್ಬ ವೈದ್ಯರು ಬೇಕು ಅಂತ ಅಲ್ಲೇ ತಿದ್ದಿಕೊಂಡೆ.